ಅವಳು ಆಗಲೇ ಇಳಿಸಿದ್ದಳು

ಎರಡು ವರ್ಷದ ಹಿಂದೆ, ಮಾರ್ಚ್ ತಿಂಗಳ ಒಂದು ಮಂಗಳವಾರ ಮಧ್ಯಾಹ್ನ, ಶಿಕಾಗೋ ಕಡೆಗೆ ಬರುತ್ತಿದ್ದ ಎರಡು ವಿಮಾನಗಳನ್ನು ಅನಘಾ ಎಂಬ ತರಬೇತಿಯಲ್ಲಿದ್ದ ನಿಯಂತ್ರಕಿ ಸರಿಯಾಗಿಯೇ ಬೇರ್ಪಡಿಸಿದ್ದಳು. ಪಕ್ಕದಲ್ಲಿ ಕೂತಿದ್ದ ತರಬೇತುದಾರ ಅವಳ ಮಾತು ಕೇಳಿಸಿಕೊಂಡಿರಲಿಲ್ಲ. ಅಗತ್ಯವಿಲ್ಲದೆ ನಡುವೆ ಬಂದು ತಾನು ಆಜ್ಞೆ ಕೊಟ್ಟ. ಮರುದಿನ ಮೇಲಿನವರು ಕೇಳಿದಾಗ ಸುಳ್ಳು ಹೇಳಿದ. ಅವಳ ಕೆಲಸ ಹೋಯಿತು. ಆ ತರಬೇತುದಾರ ನಾನು.

ಈ ಕೆಲಸಕ್ಕೆ ಸೇರುವ ಮೊದಲು ನಾನು ಉಪನಗರದ ಪತ್ರಿಕೆಯೊಂದರ ಸುದ್ದಿಮನೆಯಲ್ಲಿದ್ದೆ. ಏನಾಯಿತು ಎನ್ನುವುದು ಮೊದಲು, ಯಾಕಾಯಿತು ಎನ್ನುವುದು ಆಮೇಲೆ, ನನಗೇನನ್ನಿಸಿತು ಎನ್ನುವುದು ಬೇಡವೇ ಬೇಡ — ಅಲ್ಲಿ ಕಲಿತದ್ದು ಇದು. ಇಷ್ಟು ವರ್ಷ ಅದನ್ನು ಬೇರೆಯವರ ತಪ್ಪಿಗೆ ಬಳಸಿದ್ದೇನೆ. ಈಗ ನನ್ನದಕ್ಕೆ.

ಕೆಲಸ ಹೇಗೆ ನಡೆಯುತ್ತದೆ ಎಂದು ಸ್ವಲ್ಪ ಹೇಳಬೇಕು. ನಿಯಂತ್ರಕ ಎಂದರೆ ಗಾಜಿನ ಗೋಪುರದಲ್ಲಿ ದುರ್ಬೀನು ಹಿಡಿದು ನಿಂತವನು ಎಂದು ನಮ್ಮವರಲ್ಲಿ ಬಹಳ ಜನ ತಿಳಿದಿದ್ದಾರೆ. ನಾವು ಕೂರುವುದು ಕಿಟಕಿಯಿಲ್ಲದ ಕತ್ತಲ ಕೋಣೆಯಲ್ಲಿ, ರೇಡಾರ್ ಪರದೆಯ ಮುಂದೆ. ಇಡೀ ದೇಶದ ಆಕಾಶವನ್ನು ಒಂದೇ ಸಂಸ್ಥೆ ಹೊಲದ ಹಾಗೆ ತುಂಡು ತುಂಡಾಗಿ ಹಂಚಿದೆ. ಒಂದೊಂದು ತುಂಡಿಗೆ ಒಬ್ಬರು. ಡೆಟ್ರಾಯಿಟ್‌ನಿಂದ ಎದ್ದ ವಿಮಾನ ಕೈಯಿಂದ ಕೈಗೆ ದಾಟುತ್ತ, ಮಿಶಿಗನ್ ಸರೋವರದ ಮೇಲೆ ಹಾದು ನಮ್ಮ ತುಂಡಿಗೆ ಬರುತ್ತದೆ. ನಮ್ಮಲ್ಲಿ ಎರಡು ವಿಮಾನಗಳ ನಡುವೆ ಮೂರು ಮೈಲಿ ಇರಬೇಕು. ಇಲ್ಲವೇ ಒಂದರ ಮೇಲೊಂದು ಸಾವಿರ ಅಡಿ. ಎರಡರಲ್ಲಿ ಒಂದು ಇದ್ದರೆ ಸಾಕು. ಈ ಕೊನೆಯ ಮಾತನ್ನು ನೆನಪಿಡಿ.

ಹೊಸಬರು ಕಲಿಯುವುದು ನಿಜವಾದ ವಿಮಾನಗಳ ಮೇಲೆಯೇ. ಒಂದೇ ಪರದೆಗೆ ಎರಡು ಹೆಡ್‌ಸೆಟ್. ಮಾತಾಡುವುದು ಅವರು, ಕೇಳುತ್ತಿರುವುದು ನಾವು. ನಾನು ನನ್ನ ಗುಂಡಿ ಒತ್ತಿದರೆ ಅವರ ಮಾತು ಕಡಿದುಹೋಗಿ ನನ್ನದು ಪೈಲಟ್‌ಗೆ ಹೋಗುತ್ತದೆ. ಯಾವಾಗ ಒತ್ತಬೇಕು ಎನ್ನುವುದೇ ತರಬೇತುದಾರನ ವಿದ್ಯೆ. ಬೇಗ ಒತ್ತಿದರೆ ಅವರು ಕಲಿಯುವುದಿಲ್ಲ. ತಡವಾಗಿ ಒತ್ತಿದರೆ — ಅದನ್ನು ಬರೆಯಬೇಕಾಗಿಲ್ಲ. ಐಯೋವಾದಿಂದ ಬಂದ ಬಿಳಿ ಹುಡುಗರನ್ನು ಕುತ್ತಿಗೆಯವರೆಗೆ ಮುಳುಗಲು ಬಿಟ್ಟು ನೋಡಿದ್ದೇನೆ. ತಾವಾಗಿಯೇ ಎದ್ದು ಬಂದಿದ್ದಾರೆ. ಅನಘಾಳನ್ನು ಮೊಣಕಾಲಿನ ನೀರಿಗೂ ಬಿಡುತ್ತಿರಲಿಲ್ಲ.

ಅವಳು ನಮ್ಮ ವೆಂಕಟೇಶನ ಮಗಳು. ವೆಂಕಟೇಶ ಮೈಸೂರಿನಲ್ಲಿ ನನ್ನ ಅಣ್ಣನ ಸಹಪಾಠಿ. ಈಗ ಡೆಟ್ರಾಯಿಟ್ ಹತ್ತಿರದ ನೋವೈನಲ್ಲಿದ್ದಾನೆ, ಕಾರುಗಳಿಗೆ ಬ್ರೇಕ್ ವಿನ್ಯಾಸ ಮಾಡುವ ಎಂಜಿನಿಯರ್. ನಮ್ಮ ಕೆಲಸದಲ್ಲಿ ಪ್ರತಿಯೊಬ್ಬರಿಗೂ ಎರಡಕ್ಷರದ ಗುರುತಿದೆ. ಬೇರೆ ಕೇಂದ್ರದೊಡನೆ ಮಾತು ಮುಗಿಸುವಾಗ ಅದನ್ನು ಹೇಳಬೇಕು. ಅವಳು ಕೇಳಿದ ಅಕ್ಷರಗಳೆಲ್ಲ ಬೇರೆಯವರ ಪಾಲಾಗಿದ್ದವು. ಉಳಿದದ್ದು ಕ್ಯೂ.ಡಿ. ಅದರ ಹಿಂದಿನ ವರ್ಷದ ಯುಗಾದಿಗೆ ಶಿಕಾಗೋ ಹತ್ತಿರದ ಲೆಮಾಂಟ್ ದೇವಸ್ಥಾನದಲ್ಲಿ, ಊಟದ ಸಾಲಿನಲ್ಲಿ ತಟ್ಟೆ ಹಿಡಿದು ನಿಂತು ವೆಂಕಟೇಶ ಎಲ್ಲರಿಗೂ ಹೇಳಿದ: "ಎಂ.ಡಿ. ಆಗಮ್ಮ ಅಂತ ಬಡ್ಕೊಂಡೆ. ಕ್ಯೂ.ಡಿ. ಆಗಿದಾಳೆ."

"ಅಪ್ಪಾ, ಸ್ಟಾಪ್," ಎಂದಳು ಅವಳು.

"ನಾನು ಸ್ಟಾಪ್ ಮಾಡ್ಸೋ ಕೆಲಸದಲ್ಲೇ ಇರೋದಮ್ಮ," ಎಂದು ನಕ್ಕು, ನನ್ನ ಹೆಗಲ ಮೇಲೆ ಕೈ ಹಾಕಿದ. "ರಘು, ಇವಳು ನಿನ್ನ ಕೈಲಿದಾಳೆ. ಸ್ವಲ್ಪ ನೋಡ್ಕೊಳಪ್ಪ."

ನೋಡಿಕೊಂಡೆ.

ಆ ಮಂಗಳವಾರ ಅವಳ ತರಬೇತಿಯ ಅವಧಿ ಮುಗಿಯುವ ಹಂತದಲ್ಲಿತ್ತು. ಇನ್ನಷ್ಟು ಗಂಟೆ ತರಬೇತಿ ಕೊಡಬೇಕೋ ಕೆಲಸದಿಂದ ಬಿಡಬೇಕೋ ಎಂದು ಮರುದಿನ ಸಭೆ. ನಮ್ಮ ಹಿಂದೆ ಮೇಲ್ವಿಚಾರಕ ನಿಂತಿದ್ದ. ಡೆಟ್ರಾಯಿಟ್‌ನ ವಿಮಾನ ಸರೋವರದ ಮೇಲಿಂದ ಬರುತ್ತಿತ್ತು, ಇನ್ನೊಂದು ದಕ್ಷಿಣದಿಂದ. ಎರಡರ ದಾರಿಯೂ ಮುಂದೆ ಕೂಡುತ್ತಿತ್ತು. ಆಗ ಮೇಲ್ವಿಚಾರಕ ಬಗ್ಗಿ, "ಶನಿವಾರ ಓವರ್‌ಟೈಮಿಗೆ ಬರ್ತೀಯಾ?" ಎಂದು ಕೇಳಿದ. ನಾನು ತಿರುಗಿದೆ. ಬರುತ್ತೇನೆ ಎಂದೆ. ಅವನು ಏನೋ ತಮಾಷೆ ಮಾಡಿದ, ನಕ್ಕೆ.

ಮತ್ತೆ ಪರದೆಯತ್ತ ತಿರುಗಿದಾಗ ಕಂಡದ್ದು ಒಂದನ್ನೊಂದು ಸಮೀಪಿಸುತ್ತಿದ್ದ ಎರಡು ಚುಕ್ಕೆಗಳು, ಮತ್ತು ಸುಮ್ಮನೆ ಕೂತಿದ್ದ ಅನಘಾ. ಗುಂಡಿ ಒತ್ತಿದೆ. ಡೆಟ್ರಾಯಿಟ್‌ನ ವಿಮಾನವನ್ನು ಗಕ್ಕನೆ ಬಲಕ್ಕೆ ತಿರುಗಿಸಿದೆ. ಎರಡೂ ಸುರಕ್ಷಿತವಾಗಿ ನೆಲಕ್ಕಿಳಿದವು. ದೂರ ಮೂರು ಮೈಲಿಗಿಂತ ಕಡಿಮೆಯಾಗಲಿಲ್ಲ, ಹಾಗಾಗಿ ವಿಚಾರಣೆಯ ಪ್ರಶ್ನೆಯೇ ಬರಲಿಲ್ಲ. ಒಳಗಿದ್ದವರು ಸೂಟ್‌ಕೇಸ್ ಎತ್ತಿಕೊಂಡು ಮನೆಗೆ ಹೋಗಿರಬೇಕು.

ಆಮೇಲೆ ಪಕ್ಕದ ಕೋಣೆಯಲ್ಲಿ ಅವಳು ಹೇಳಿದಳು, "ದಕ್ಷಿಣದ್ದನ್ನ ನಾನಾಗ್ಲೇ ಕೆಳಗಿನ ಎತ್ತರಕ್ಕೆ ಇಳಿಸಿದ್ದೆ, ಅಂಕಲ್. ಐ ಹ್ಯಾಡ್ ಹಿಮ್ ಡಿಸೆಂಡಿಂಗ್."

ಕೆಲಸದ ಜಾಗದಲ್ಲಿ ಅವಳು ನನ್ನನ್ನು ಅಂಕಲ್ ಎಂದದ್ದು ಅದೊಂದೇ ಸಲ.

"ನೀನು ಇಳಿಸಿದೆ," ಎಂದೆ. "ಆದ್ರೆ ತಡ ಆಗಿತ್ತು."

ಅವಳು ಹೌದೆಂದು ತಲೆಯಾಡಿಸಿದಳು. ವಾದಿಸಲಿಲ್ಲ. ನಾನು ಹೇಳಿದೆನಲ್ಲ — ಅಷ್ಟು ಸಾಕಾಗಿತ್ತು ಅವಳಿಗೆ.

ಆ ಮಾತು ಹೇಳುವಾಗ ನಿಜ ಏನೆಂದು ನನಗೆ ಗೊತ್ತಿರಲಿಲ್ಲ. ಇದು ಸಮರ್ಥನೆಯಲ್ಲ, ಘಟನೆಗಳ ಕ್ರಮ. ಗೊತ್ತಿಲ್ಲದೆ ಹೇಳಿದೆ, ಆಮೇಲೆ ನನ್ನ ಮಾತು ಸರಿಯೆಂದು ನನಗೇ ತೋರಿಸಿಕೊಳ್ಳಲು ಅವತ್ತಿನ ಪರದೆಯ ಮತ್ತು ಮಾತಿನ ಮುದ್ರಿಕೆ ಹಾಕಿ ನೋಡಿದೆ. ನಾನು ಶನಿವಾರದ ಮಾತಾಡುತ್ತಿದ್ದ ಹೊತ್ತಿನಲ್ಲಿ ಅವಳ ಧ್ವನಿ ಸ್ಪಷ್ಟವಾಗಿತ್ತು, ಸಮಾಧಾನವಾಗಿತ್ತು. ದಕ್ಷಿಣದ ವಿಮಾನಕ್ಕೆ ಇಳಿಯಲು ಹೇಳಿದ್ದಳು. ಪೈಲಟ್ ಅದನ್ನು ತಿರುಗಿ ಹೇಳಿದ್ದ. ವಿಮಾನ ಇಳಿಯಲು ತೊಡಗಿತ್ತು. ದಾರಿಗಳು ಕೂಡುವ ಮೊದಲೇ ಸಾವಿರ ಅಡಿಯ ಅಂತರ ಬಂದುಬಿಡುತ್ತಿತ್ತು, ಅದೂ ಆರಾಮಾಗಿ. ಅವಳು ಸುಮ್ಮನೆ ಕೂತದ್ದು ದಿಕ್ಕು ತೋಚದೆ ಅಲ್ಲ. ಮಾಡಬೇಕಾದ್ದನ್ನು ಮಾಡಿ ಮುಗಿಸಿದ್ದಳು, ಅದಕ್ಕೆ.

ಒಮ್ಮೆ ನೋಡಿದೆ. ಎರಡನೇ ಸಲ ನೋಡಲಿಲ್ಲ.

ಮರುದಿನದ ಸಭೆಯಲ್ಲಿ ಮೂವರಿದ್ದರು. ಕೇಂದ್ರದ ಮುಖ್ಯಸ್ಥೆ ಕೇಳಿದ್ದು ಒಂದೇ ಪ್ರಶ್ನೆ: ನೀನು ನಡುವೆ ಬರದಿದ್ದರೆ ಅವಳು ಅದರಿಂದ ಹೊರಬರುತ್ತಿದ್ದಳೇ?

"ನೋ," ಎಂದೆ.

ನಾನು ಮಾಡಿದ್ದು ಇಷ್ಟೇ. ಒಂದು ಪದ.

ಯಾಕೆ? ಬಡ್ತಿಯ ಆಸೆಯಿತ್ತು ಎಂದು ಬರೆದರೆ ಎಲ್ಲರಿಗೂ ಸುಲಭವಾಗಿ ಅರ್ಥವಾಗುತ್ತದೆ. ಬಡ್ತಿಯ ಮಾತೇ ಇರಲಿಲ್ಲ. ಹೌದು ಎಂದರೆ ನಾನು ಅವಳ ಮಾತು ಕೇಳಿಸಿಕೊಳ್ಳುತ್ತಿರಲಿಲ್ಲ ಎಂದು ಒಪ್ಪಬೇಕಿತ್ತು — ಅದೊಂದು. ಇನ್ನೊಂದು ಇದಕ್ಕಿಂತ ಕೀಳು. ಹೌದು ಎಂದರೆ, ಆ ಮೂವರು ಬಿಳಿಯರ ಎದುರು, ಇವನು ತನ್ನವಳನ್ನು ಉಳಿಸಿಕೊಳ್ಳುತ್ತಿದ್ದಾನೆ ಎಂದು ಕಾಣಬಹುದಿತ್ತು. ನಮ್ಮವಳೆಂದು ಅವಳನ್ನು ಕಲಿಯಲು ಬಿಡಲಿಲ್ಲ. ನಮ್ಮವಳೆಂದೇ ಅವಳ ಪರವಾಗಿ ಸತ್ಯ ಹೇಳಲಿಲ್ಲ. ಐಯೋವಾದ ಹುಡುಗನಾಗಿದ್ದರೆ ಹೌದು ಎನ್ನುತ್ತಿದ್ದೆ. ಖಂಡಿತ ಎನ್ನುತ್ತಿದ್ದೆ.

ನಮ್ಮ ಸಂಸ್ಥೆಯಲ್ಲಿ ಒಂದು ಏರ್ಪಾಡಿದೆ. ತಪ್ಪು ಮಾಡಿದವನು ತಾನಾಗಿ, ತಡಮಾಡದೆ ಹೇಳಿಕೊಂಡರೆ ಸಾಮಾನ್ಯವಾಗಿ ಶಿಕ್ಷೆಯಿಲ್ಲ. ತಪ್ಪನ್ನು ಮುಚ್ಚಿಡುವುದಕ್ಕಿಂತ ಅದರಿಂದ ಎಲ್ಲರೂ ಕಲಿಯಲಿ ಎಂದು. ಹೊಸಬರಿಗೆ ಅದನ್ನು ಹೇಳಿಕೊಡುತ್ತಿದ್ದವನೇ ನಾನು. ಆ ಬಾಗಿಲು ನನಗೂ ತೆರೆದಿತ್ತು. ಮುಚ್ಚಿಕೊಳ್ಳಲಿ ಎಂದು ಕಾದೆ. ಆಮೇಲೆ ಮುದ್ರಿಕೆಯೂ ಅಳಿಸಿಹೋಯಿತು. ವಿಚಾರಣೆ ಇಲ್ಲದ ದಿನಗಳದ್ದನ್ನು ಬಹಳ ಕಾಲ ಇಡುವುದಿಲ್ಲ. ಆಗ ಉಳಿದದ್ದು ನನ್ನ ಮಾತೊಂದೇ.

ಈಗ ನಿಮ್ಮ ಪಾಲಿನದು. ನಮ್ಮ ಕನ್ನಡ ಕೂಟದವರಾದ ನೀವು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ತಮ್ಮವರು ಅಂತ ನೋಡ್ಲಿಲ್ಲ ನೋಡಿ, ಅದು ನಿಯತ್ತು," ಎಂದಿರಿ. ವೆಂಕಟೇಶ ನೋವೈನಿಂದ ಐದು ಗಂಟೆ ಡ್ರೈವ್ ಮಾಡಿಕೊಂಡು ಮಗಳ ಸಾಮಾನು ಸಾಗಿಸಲು ಬಂದವನು ನಮ್ಮ ಮನೆಗೂ ಬಂದು ಕಾಫಿ ಕುಡಿದ. "ಜೀವದ ಪ್ರಶ್ನೆ ಕಣೋ. ನೀನು ಮಾಡಿದ್ದೇ ಸರಿ," ಎಂದ. ಆ ಹೊಗಳಿಕೆಯನ್ನು ಎರಡು ವರ್ಷ ಉಂಡಿದ್ದೇನೆ. ಅರಗಿಸಿಕೊಂಡೂ ಇದ್ದೆ, ನಿಜ ಹೇಳಬೇಕೆಂದರೆ.

ಅನಘಾ ವಿಮಾನ ನಿಲ್ದಾಣದ ಪಕ್ಕದ ಊರಾದ ಡೆಸ್ ಪ್ಲೇನ್ಸ್‌ನ ಸರಕು ಸಾಗಣೆ ಕಂಪನಿಯೊಂದರಲ್ಲಿ ಕೆಲಸಕ್ಕೆ ಸೇರಿದಳು. ಯಾವ ಟ್ರಕ್ಕು ಯಾವ ಬಾಗಿಲಿಗೆ ಎಂದು ನೋಡಿಕೊಳ್ಳುವ ಕೆಲಸ. ಆ ಕಚೇರಿಯ ಮೇಲಿಂದಲೇ ವಿಮಾನಗಳು ಇಳಿದು ಹೋಗುತ್ತವೆ. ಹೋದ ದೀಪಾವಳಿಗೆ ವೆಂಕಟೇಶ ಸಹಜವಾಗಿ ಒಂದು ಮಾತು ಹೇಳಿದ: "ಈಗ ಫ್ರೀವೇಲಿ ಮರ್ಜ್ ಆಗೋಕೂ ಯೋಚನೆ ಮಾಡ್ತಾಳೆ ಕಣೋ. ಜಾಗ ಇರತ್ತೆ, ಆದ್ರೂ ಬ್ರೇಕ್ ಒತ್ತಾಳೆ. ನಾನು ತಡ ಅಪ್ಪಾ ಅಂತಾಳೆ."

ತಡ. ಅದು ನನ್ನ ಮಾತು.

ಈ ವಸಂತದಲ್ಲಿ ಲೆಮಾಂಟ್ ದೇವಸ್ಥಾನದ ಪಾರ್ಕಿಂಗ್‌ನಲ್ಲಿ ಅವಳು ಸಿಕ್ಕಳು. ನಿಯಂತ್ರಕರ ಕೆಲಸಕ್ಕೆ ಹೊಸಬರಾಗಿ ಅರ್ಜಿ ಹಾಕಲು ಮೂವತ್ತೊಂದು ತುಂಬಿರಬಾರದು. ಅವಳಿಗೆ ಅಕ್ಟೋಬರ್‌ನಲ್ಲಿ ತುಂಬುತ್ತದೆ. "ಲಾಸ್ಟ್ ಚಾನ್ಸ್ ಅಂಕಲ್, ಆದ್ರೆ ನಾನು ಅಪ್ಲೈ ಮಾಡ್ತಿಲ್ಲ," ಎಂದಳು, ನಗುತ್ತ. "ಐ ವಾಸ್ ಸ್ಲೋ. ನೀವೊಬ್ರೇ ಅದನ್ನ ಮುಖಕ್ಕೆ ಹೇಳಿದ್ದು. ಥ್ಯಾಂಕ್ಸ್ ಹೇಳ್ಬೇಕು ಅಂತಿದ್ದೆ."

ಅಲ್ಲಿಯೇ ಹೇಳಿದೆ. ಕಾರುಗಳ ನಡುವೆ, ಕೈಯಲ್ಲಿ ಪ್ರಸಾದದ ದೊನ್ನೆ ಹಿಡಿದುಕೊಂಡು. ಶನಿವಾರದ ಮಾತು, ಮುದ್ರಿಕೆ, ಸಭೆಯ ಒಂದು ಪದ — ಎಲ್ಲ.

ಅವಳು ಅಳಲಿಲ್ಲ, ಕೂಗಾಡಲಿಲ್ಲ. ಕೇಳಿದ್ದು ಕೆಲಸದ ಪ್ರಶ್ನೆ.

"ಸಾವಿರ ಅಡಿ ಸಿಗ್ತಿತ್ತಾ?"

"ಸಿಗ್ತಿತ್ತು."

"ಜಸ್ಟ್ ಸಿಗ್ತಿತ್ತಾ, ಅಥವಾ—"

"ಆರಾಮಾಗಿ."

"ನಂಗೆ ಕಾಣಿಸ್ತಿತ್ತು," ಎಂದಳು. "ಅವತ್ತು ನಂಗೆ ಕಾಣಿಸ್ತಿತ್ತು. ಆಮೇಲೆ ನೀವು ಇಲ್ಲ ಅಂದ್ರಿ, ಸೋ, ನನ್ನ ಕಣ್ಣೇ ಸರಿ ಇಲ್ಲ ಅಂದ್ಕೊಂಡೆ." ಕಾರಿನ ಬಾಗಿಲು ತೆಗೆದಳು. "ಟೂ ಇಯರ್ಸ್, ಅಂಕಲ್."

ಕಾರು ಹತ್ತಿ ಹೋದಳು.

ಅದೇ ವಾರ ಕೇಂದ್ರದ ಮುಖ್ಯಸ್ಥೆಯ ಎದುರು ಕೂತು, ಅವತ್ತು ನಾನು ಹೇಳಿದ್ದು ಸುಳ್ಳು ಎಂದೆ. ಒಮ್ಮೆ ಹೊರಹೋದವರನ್ನು ಮತ್ತೆ ತೆಗೆದುಕೊಳ್ಳುವುದು ಅಪರೂಪ. ಆದರೆ ತರಬೇತುದಾರನ ಮಾತಿನಿಂದ ಹೊರಹೋದವಳಿಗೆ ಆ ಮಾತೇ ಸುಳ್ಳೆಂದಾದರೆ ದಾರಿ ಇರಬಹುದು. ಇರಬಹುದು, ಅಷ್ಟೇ.

ಆಮೇಲೆ ಬುದ್ಧಿಮಾತುಗಳು ಶುರುವಾದವು. ನನ್ನ ಹೆಂಡತಿ ಸುಮಾ, "ವಿಮಾನ ಬೀಳ್ಲಿಲ್ಲ, ಯಾರೂ ಸಾಯ್ಲಿಲ್ಲ. ಈಗ ಯಾಕ್ರೀ ಕೆದಕ್ತೀರ? ಮನೆ ಸಾಲ ಯಾರು ಕಟ್ತಾರೆ?" ಎಂದಳು. ಅವಳ ಭಯ ಸುಳ್ಳಲ್ಲ. ಆದರೆ ಉಳಿದವರಿಗೆ ನನ್ನಲ್ಲಿ ಉತ್ತರ ಇದೆ. ಕೂಟದ ಹಿರಿಯರೊಬ್ಬರು, "ಋಣಾನುಬಂಧ ಅಷ್ಟೇ ಇತ್ತು ಅಂದ್ಕೊಳ್ಳಿ, ಬಿಟ್ಬಿಡಿ," ಎಂದರು. ಋಣಾನುಬಂಧದ ಕಿವಿಯ ಮೇಲೆ ಹೆಡ್‌ಸೆಟ್ ಇರಲಿಲ್ಲ ಸ್ವಾಮಿ. ನನ್ನ ಕಿವಿಯ ಮೇಲಿತ್ತು. ಸಹೋದ್ಯೋಗಿಯೊಬ್ಬ ಸಿಬ್ಬಂದಿ ಕೊರತೆಯ ಮಾತೆತ್ತಿದ: ವಾರಕ್ಕೆ ಆರು ದಿನ ದುಡಿಸುತ್ತಾರೆ, ದಣಿದಿದ್ದೆ ಎಂದು ಹೇಳು, ನಂಬುತ್ತಾರೆ ಎಂದ. ಕೊರತೆ ನಿಜ. ಆರು ದಿನ ನಿಜ. ಅದರ ಬಗ್ಗೆ ಯಾರು ಕೇಳಿದರೂ ಸಾಕ್ಷಿ ಹೇಳುತ್ತೇನೆ. ಆದರೆ ಹಿಂದಿನ ದಿನ, ಸೋಮವಾರ, ನನಗೆ ರಜೆಯಿತ್ತು. ಚೆನ್ನಾಗಿ ನಿದ್ದೆ ಮಾಡಿದ್ದೆ. ನಾನು ದಣಿದಿರಲಿಲ್ಲ.

ಈಗ ಇದನ್ನು ಓದಿ ಎಂಥ ದೊಡ್ಡ ಮನಸ್ಸು ಎನ್ನಲು ಹೊರಟವರೂ ಇರುತ್ತೀರಿ. ದಯವಿಟ್ಟು ಬೇಡ. ಒಮ್ಮೆ ಹೊಗಳಿ ಕೆಡಿಸಿದ್ದೀರಿ. ಕ್ಷಮೆಯನ್ನೂ ಕೇಳುತ್ತಿಲ್ಲ, ಕೊಡಬೇಕೋ ಬಿಡಬೇಕೋ ಅವಳಿಗೆ ಬಿಟ್ಟದ್ದು, ಮತ್ತು ಕೇಳಿದರೆ ನಮ್ಮ ಮನೆಯ ಮಕ್ಕಳು ಹಿರಿಯರಿಗೆ ಇಲ್ಲ ಎನ್ನುವುದಿಲ್ಲ — ಅದು ಗೊತ್ತಿದ್ದೂ ಕೇಳುವುದು ಇನ್ನೊಮ್ಮೆ ಅವಳ ಮೈಕು ಕಿತ್ತುಕೊಂಡ ಹಾಗೆ. ಕೆಲಸ ಹೋದರೆ ಹೋಗಲಿ ಎಂದೂ ಹೇಳುವುದಿಲ್ಲ. ಅದು ನಾಟಕ. ಉಳಿದರೆ ನನಗೆ ಸಂತೋಷವೇ. ಆದರೆ ಹೇಳಿದ್ದನ್ನು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ — ಸಾಲಕ್ಕೂ ಇಲ್ಲ, ಸ್ನೇಹಕ್ಕೂ ಇಲ್ಲ, ಕೂಟದ ಶಾಂತಿಗೂ ಇಲ್ಲ. ಇದನ್ನು ಇಂಗ್ಲಿಷಿನಲ್ಲಿ ಕಚೇರಿಗೆ ಹೇಳಿಯಾಗಿದೆ. ಕನ್ನಡದಲ್ಲಿ ಬರೆಯುತ್ತಿರುವುದು, ನೀವೆಲ್ಲ ಕನ್ನಡದಲ್ಲಿ ನನ್ನನ್ನು ನಂಬಿದ್ದಿರಿ ಎಂದು.

ನನ್ನನ್ನು ತರಬೇತಿ ಕೊಡುವ ಕೆಲಸದಿಂದ ತೆಗೆದಿದ್ದಾರೆ. ವಿಚಾರಣೆ ನಡೆಯುತ್ತಿದೆ. ವೆಂಕಟೇಶ ಎರಡು ತಿಂಗಳು ನನ್ನ ಫೋನ್ ಎತ್ತಲಿಲ್ಲ. ಹೋದ ವಾರ ಅವನಿಂದ ಒಂದು ಮೆಸೇಜ್ ಬಂತು. ಮೊದಲಿನ ಹಾಗೆ "ರಘು" ಎಂದು ಶುರುವಾಗಿರಲಿಲ್ಲ. "ಅಪ್ಲೈ ಮಾಡಿದಾಳೆ. ನಿಮಗೆ ತಿಳಿಸು ಅಂದ್ಲು," ಎಂದಿತ್ತು. ಅವನು ನನಗೆ ನೀವು ಎಂದದ್ದು ಅದೇ ಮೊದಲು.

ಅವಳ ಅರ್ಜಿಗೆ ಇವತ್ತಿನವರೆಗೆ ಉತ್ತರ ಬಂದಿಲ್ಲ.