ಹಿಂದಿನ ಸಾಲಿಗೆ ಕೇಳಿಸದ ಸಭೆ

ಹೆತ್ತವರು ಇಟ್ಟ ಹೆಸರೊಂದು ಅವರಿಗೂ ಇದ್ದೀತು. ನಮ್ಮ ಬೀದಿಗೆ ಮಾತ್ರ ಅವರು ಮೈಕ್ ಮಾವ. ಮದುವೆಯಿರಲಿ, ಚುನಾವಣೆಯಿರಲಿ, ಸಂತಾಪ ಸಭೆಯಿರಲಿ, ಮೈಕು, ಆಂಪ್ಲಿಫೈಯರು, ಸೌಂಡ್ ಬಾಕ್ಸು ಎಲ್ಲ ಅವರವೇ. ಭಾಷಣಕಾರರೆಂದರೆ ಅವರಿಗೆ ಅಷ್ಟಕ್ಕಷ್ಟೆ. ಮೈಕ್ ಹಿಡಿದವರೆಲ್ಲ ಕೆಳಗಿಳಿಯುವ ತನಕ ಸತ್ಯವಂತರೇ ಎನ್ನುತ್ತ ವೈರು ಸುತ್ತಿಡುತ್ತಿದ್ದರು. ಅಂಥವರು ಲಂಚದ ವಿರುದ್ಧದ ಕಾವಲು ಸಮಿತಿಗೆ ಸೇರುತ್ತೇನೆ ಎಂದಾಗ ಅವರ ಹೆಂಡತಿ, ನಮ್ಮ ಅತ್ತೆ, ಮೊದಲು ನಕ್ಕರು, ಆಮೇಲೆ ಅವರ ಒಳ್ಳೆಯ ಅಂಗಿಗೆ ಇಸ್ತ್ರಿ ಹಾಕಿಟ್ಟರು.

ಸಮಿತಿ ಕಟ್ಟಿದವರು ನಿವೃತ್ತ ಹೆಡ್‌ಮಿಸ್ ಟೀಚರಮ್ಮ. ಲಂಚದ ಬಗ್ಗೆ ದೂರು ಕೊಟ್ಟರೆ ಅದು ಸುತ್ತಿ ಬಳಸಿ ಲಂಚ ತಿಂದವನ ಮೇಜಿಗೇ ಬಂದು ಬೀಳುತ್ತದೆ. ಬೇಲಿಯೇ ಎದ್ದು ಹೊಲ ಮೇಯುವಾಗ ಕಾಯುವವರು ಯಾರು? ಸರ್ಕಾರದ ಹಂಗಿಲ್ಲದ, ಮಂತ್ರಿಯನ್ನೂ ಕರೆದು ಕೇಳಬಲ್ಲ ತನಿಖಾ ಸಂಸ್ಥೆಯೊಂದು ಕಾನೂನಿನಿಂದಲೇ ಬರಬೇಕು ಎಂಬುದು ಅವರ ಬೇಡಿಕೆ. ಸಮಿತಿಗೆ ಸೇರುವವರಿಗೆ ಒಂದೇ ನಿಯಮ. ತುಂಬಿದ ಸಭೆಯಲ್ಲಿ ಮೈಕಿನ ಮುಂದೆ ನಿಂತು, ಈ ಹೋರಾಟ ಶುರುವಾದ ಮೇಲೆ ಲಂಚ ಕೊಟ್ಟಿಲ್ಲ, ತೆಗೆದುಕೊಂಡಿಲ್ಲ ಎಂದು ಹೇಳಬೇಕು. ಹಳೆಯದನ್ನು ಯಾರೂ ಕೆದಕುವುದಿಲ್ಲ ಎಂದು ಟೀಚರಮ್ಮ ಮೊದಲೇ ಮಾಫಿ ಕೊಟ್ಟಿದ್ದರು.

ಮೈದಾನದಲ್ಲಿ ಮೈಕ್ ಹಾಕಲು ಪೊಲೀಸರ ಅನುಮತಿ ಬೇಕು. ಟೀಚರಮ್ಮನ ಅರ್ಜಿ ಠಾಣೆಯಲ್ಲಿ ಕೊಳೆಯುತ್ತ ಬಿದ್ದಿತ್ತು. ಸಭೆ ಹತ್ತಿರ ಬಂತು, ಎಲ್ಲರ ಮುಖ ಸಪ್ಪಗಾಯಿತು. ಮಾವ ಒಂದು ಬೆಳಿಗ್ಗೆ ಠಾಣೆಗೆ ಹೋದರು, ಮಧ್ಯಾಹ್ನ ಅನುಮತಿ ಹಿಡಿದು ಬಂದರು. ನಮ್ಮ ಕಸುಬಿನಲ್ಲಿ ನಾಲ್ಕು ಜನರ ಪರಿಚಯ ಇರುತ್ತದೆ ಎಂದರಷ್ಟೆ. ಸಮಿತಿಯವರು ಚಪ್ಪಾಳೆ ತಟ್ಟಿದರು. ಅದು ಹೇಗೆ ಸಿಕ್ಕಿತೆಂದು ಒಬ್ಬರೂ ಕೇಳಲಿಲ್ಲ.

ಸಭೆಯ ಸಂಜೆ ಮೈದಾನ ತುಂಬಿತು. ಅತ್ತೆ ಮುಂದಿನ ಸಾಲಿನಲ್ಲಿ ಕೂತಿದ್ದರು. ಟೀಚರಮ್ಮ ಮಾತು ಶುರುಮಾಡಿದ ಕೂಡಲೇ ಹಿಂದಿನವರು ಕೈಯೆತ್ತಿ, ಏನೂ ಕೇಳಿಸುತ್ತಿಲ್ಲ ಎಂದು ಸನ್ನೆ ಮಾಡಿದರು. ಮಾವ ವಾಲ್ಯೂಮ್ ತಿರುಗಿಸಿದರು, ಮೈಕು ಕೀರಲು ದನಿಯಲ್ಲಿ ಕಿರುಚಿತು. ವೇದಿಕೆಯ ಹತ್ತಿರ ಎರಡು ಬಾಕ್ಸುಗಳಿದ್ದವು. ಹಿಂದೆ ನಿಲ್ಲಿಸಬೇಕಾದ ದೊಡ್ಡ ಜೋಡಿ ಬಂದೇ ಇರಲಿಲ್ಲ. ರಿಪೇರಿಗೆ ಹೋಗಿವೆ ಎಂದು ಮಾವ ಯಾರ ಮುಖವನ್ನೂ ನೋಡದೆ ಹೇಳಿದರು.

ಟೀಚರಮ್ಮ ದನಿ ಏರಿಸಿ ಮುಂದುವರಿಸಿದರು. "ಲಂಚ ಅಂದ್ರೆ ಬರೀ ನೋಟಲ್ಲ. ಕೆಲ್ಸ ಆಗ್ಲಿ ಅಂತ ನಾವು ಬಿಟ್ಟಿ ಮಾಡ್ಕೊಡೋ ಉಪಕಾರಾನೂ ಲಂಚಾನೇ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಮಾವನ ಕೈ ಆಂಪ್ಲಿಫೈಯರಿನ ಮೇಲೆ ಸುಮ್ಮನೆ ಓಡಾಡತೊಡಗಿತು. ಆಗಲೇ ಗಾಳಿ ತಿರುಗಿ, ಠಾಣೆಯ ಹಿಂದಿನ ಬೀದಿಯಿಂದ ಸಿನಿಮಾ ಹಾಡೊಂದು ಗಟ್ಟಿಯಾಗಿ ತೇಲಿಬಂತು. ಅಲ್ಲಿ ಠಾಣೆಯ ಅರ್ಜಿ, ಕಡತ ನೋಡಿಕೊಳ್ಳುವ ರೈಟರನ ಮಗಳ ಮದುವೆ. ಹಾಡು ಕೆಳದನಿಗೆ ಇಳಿದಾಗಲೆಲ್ಲ ಗೊರಗೊರ ಎನ್ನುತ್ತಿತ್ತು. ಆ ಗೊರಗೊರ ಸದ್ದನ್ನು ವರ್ಷಗಟ್ಟಲೆ ಮನೆಯಲ್ಲಿ ಕೇಳಿದ ಅತ್ತೆ ತಿರುಗಿ ಗಂಡನನ್ನು ನೋಡಿದರು. ನೆಲ ಬಾಯಿಬಿಡಬಾರದೇ ಎನಿಸುವಂಥ ನೋಟ ಅದು.

ಅಷ್ಟರಲ್ಲಿ ಟೀಚರಮ್ಮ, ಮೊದಲ ಸದಸ್ಯರಾಗಿ ನಮಗೆಲ್ಲ ದನಿ ಕೊಟ್ಟವರೇ ಬರಲಿ ಎಂದು ಮಾವನನ್ನು ಕರೆದರು. ಜನ ಚಪ್ಪಾಳೆ ತಟ್ಟಿದರು. ಎರಡು ಮಾತು ಹೇಳಿ ಇಳಿದಿದ್ದರೆ ಮಾನವೂ ಉಳಿಯುತ್ತಿತ್ತು, ಸದಸ್ಯತ್ವವೂ ಸಿಗುತ್ತಿತ್ತು. ಮಾವ ಅಭ್ಯಾಸಬಲದಿಂದ "ಹಲೋ, ಹಲೋ" ಎಂದರು. ಆಮೇಲೆ ಹಾಡು ಬರುತ್ತಿದ್ದ ಕಡೆಗೆ ಕೈ ತೋರಿಸಿದರು.

"ಆ ಹಾಡು ಕೇಳಿಸ್ತಿದೆಯಲ್ಲ, ಆ ಬಾಕ್ಸುಗಳು ನನ್ನವೇ" ಎಂದರು. "ರೈಟರು ಬಾಯಿಬಿಟ್ಟು ಕೇಳ್ಲೇ ಇಲ್ಲ. ಮಗಳ ಮದ್ವೆ ಅಂದ್ರು ಅಷ್ಟೆ. ಬಾಡ್ಗೆ ಬೇಡ, ನಾನೇ ಹಾಕಿಸ್ತೀನಿ ಅಂದೆ. ಆಮೇಲೆ ಪರ್ಮಿಷನ್ ಕೊಟ್ರು. ಪ್ರತಿ ಸಲಾನೂ ಹೀಗೇ ಏನಾದ್ರೂ ಮಾಡ್ತಿದ್ದೆ. ಇದು ಲಂಚ ಅಂತ ಈಗ ತಾನೇ ಗೊತ್ತಾಯ್ತು. ನಂಗೆ ನಾಚಿಕೆ ಆಗ್ತಿದೆ. ನಾನು ಸೇರೋ ಹಾಗಿಲ್ಲ."

ಹಿಂದಿನವರು ಏನಂತೆ, ಏನಂತೆ ಎಂದು ಮುಂದಿನವರನ್ನು ಕೇಳುತ್ತಿದ್ದರು. ಮಾತು ಸಾಲಿನಿಂದ ಸಾಲಿಗೆ ದಾಟುತ್ತ ಹೋಯಿತು. ಯಾರೋ ಒಬ್ಬರು ನಕ್ಕು ತಕ್ಷಣ ಸುಮ್ಮನಾದರು. ಮಾವ ಮೆಟ್ಟಿಲಿಳಿದು ಆಂಪ್ಲಿಫೈಯರಿನ ಹತ್ತಿರ ಹೋಗಿ ತಲೆತಗ್ಗಿಸಿ ಕೂತರು.

ಮುಂದಿನವರು ಬನ್ನಿ ಎಂದು ಟೀಚರಮ್ಮ ಕರೆದರು. ಸಮಿತಿಗೆ ಸೇರಲು ಬಂದಿದ್ದ ದಿನಸಿ ಅಂಗಡಿಯವರು ಚಪ್ಪಲಿಯ ಪಟ್ಟಿ ಸರಿಮಾಡಿಕೊಂಡರು. ಮನೆ ಕಟ್ಟಿಸುತ್ತಿದ್ದ ವಕೀಲರು ಫೋನು ಹೊರತೆಗೆದರು. ಟೀಚರಮ್ಮ ಇನ್ನೊಮ್ಮೆ ಕರೆದರು. ಯಾರೂ ಏಳಲಿಲ್ಲ. ತೆರೆದೇ ಇದ್ದ ಮೈಕು ರೈಟರನ ಮನೆಯ ಹಾಡನ್ನು ಹಿಡಿದು ನಮಗೇ ಕೇಳಿಸುತ್ತಿತ್ತು.

ಆಫ್ ಮಾಡಲೇ ಎಂಬಂತೆ ಮಾವ ಟೀಚರಮ್ಮನ ಮುಖ ನೋಡಿದರು. ಟೀಚರಮ್ಮ ಮಾವ ತಂದುಕೊಟ್ಟಿದ್ದ, ತಮ್ಮ ಕೈಯಲ್ಲಿದ್ದ ಅನುಮತಿಪತ್ರವನ್ನೇ ನೋಡುತ್ತಿದ್ದರು.