ಕಣದ ಮೇಲಿನ ನಾಲ್ಕು ಗೆರೆ

ಚಂದನಾಳ ವ್ಯಾನಿನಲ್ಲಿ ನಾನು ಕೂರುವುದು ಎಲ್ಲರಿಗಿಂತ ಹಿಂದೆ, ಎಡಗಡೆಯ ಚಕ್ರದ ಮೇಲೆ. ಚಿಕ್ಕ ಮಕ್ಕಳನ್ನು ಹತ್ತಿಸಿ ಇಳಿಸುವುದಕ್ಕೆ, ವಾಂತಿ ಬಂದವರಿಗೆ ಕವರ್ ಹಿಡಿಯುವುದಕ್ಕೆ ಪಕ್ಕದ ಮನೆಯವಳಾದ ನನ್ನನ್ನು ಅವಳು ಜೊತೆಗೆ ಕರೆದೊಯ್ಯುತ್ತಾಳೆ. ನಮ್ಮೂರಿನಿಂದ ಸೋಮವಾರಪೇಟೆಯ ಶಾಲೆಗೆ ಇಳಿಯುವ ದಾರಿಯ ತುಂಬ ತಿರುವುಗಳು. ಮಕ್ಕಳ ಗಲಾಟೆಯ ನಡುವೆಯೂ ನನ್ನ ಸೀಟಿನ ಅಡಿಯಲ್ಲಿ ಒಂದು ಸದ್ದು ಕೇಳಿಸುತ್ತಿತ್ತು, ಒಣ ಎಲೆಗಳ ಮೇಲೆ ಚೀಲ ಎಳೆದ ಹಾಗೆ.

"ಅದು ರಸ್ತೆ ಸದ್ದು ಅಜ್ಜಿ," ಎನ್ನುತ್ತಿದ್ದಳು ಚಂದನಾ. ಅವಳಿಗೂ ಅನುಮಾನವಿತ್ತು. ಬೆಳಿಗ್ಗೆ ಗಾಡಿ ಹೊರಡಿಸುವ ಮೊದಲು ಆ ಟೈರಿನ ಮೇಲೆ ಅಂಗೈ ಆಡಿಸಿ ನೋಡುವುದನ್ನು ನಾನು ಕಂಡಿದ್ದೆ.

ಚಂದನಾಳ ಅಪ್ಪ ಎಸ್ಟೇಟಿನಲ್ಲಿ ಜೀಪ್ ಓಡಿಸುತ್ತಿದ್ದವರು. ಅವರ ಪಕ್ಕದಲ್ಲಿ ಕೂತೇ ಕಲಿತವಳು. ಗಂಡ ಮಂಜೇಶ್ ತೋಟವೊಂದರಲ್ಲಿ ಲೆಕ್ಕ ಬರೆಯುವ ರೈಟರ್. ಊರಿಗೆ ಬರುತ್ತಿದ್ದ ಬಸ್ಸು ನಿಂತಾಗ ಹಳೆಯ ವ್ಯಾನ್ ಕೊಂಡು ಶಾಲೆ ಮಕ್ಕಳನ್ನು ಕರೆದೊಯ್ಯತೊಡಗಿದಳು. ಹೆಂಗಸಿನ ಕೈಗೆ ಮಕ್ಕಳನ್ನು ಕೊಡುವುದೇ ಎಂದವರೂ ಇದ್ದರು. ಒಂದು ಮಗುವಿಗೂ ಗೀರು ಬೀಳದಂತೆ ಓಡಿಸಿ ಅವರ ಬಾಯಿ ಮುಚ್ಚಿಸಿದ್ದಳು.

ಆದರೆ ಹಿಂದಿನ ಎಡ ಟೈರ್ ಒಂದು ಅಂಚಿನಲ್ಲಿ ಬೇಗ ಬೇಗ ಸವೆಯುತ್ತಿತ್ತು. ನಮ್ಮ ಕಡೆ ಎಲ್ಲರೂ ಒಳ್ಳೆಯ ಟೈರನ್ನು ಮುಂದಕ್ಕೆ ಹಾಕಿ, ಸವೆದದ್ದನ್ನು ಹಿಂದಕ್ಕೆ ಹಾಕುವವರೇ. ಮಂಜೇಶನೂ ಹಾಗೇ ಮಾಡಿದ. "ಸ್ಟೇರಿಂಗ್ ಇರೋದು ಮುಂದೆ. ಹಿಂದಿನವು ಹಿಂಬಾಲಿಸ್ಕೊಂಡು ಬತ್ತವೆ ಬಿಡು," ಎಂದ. ಹಳೆಯ ಟೈರ್ ಸವೆದರೆ ಹಳೆಯದು ತಾನೇ ಎಂದುಕೊಂಡೆವು. ಯಾವುದನ್ನು ಹಾಕಿದರೂ ಅದೇ ಮೂಲೆಯಲ್ಲೇ ಸವೆಯುತ್ತದೆ ಎನ್ನುವುದು ಯಾರಿಗೂ ಹೊಳೆಯಲಿಲ್ಲ.

ಈ ಸಲ ಕಾಫಿ ಕೊಯ್ಲಿನ ಹೊತ್ತಿನಲ್ಲಿ ಅಕಾಲ ಮಳೆ ಹಿಡಿಯಿತು. ಸಂಪಿಗೆ ಮರದ ತಿರುವಿನಲ್ಲಿ ವ್ಯಾನಿನ ಹಿಂಭಾಗ ಚರಂಡಿಯ ಕಡೆಗೆ ಜಾರಿ, ಹೇಗೋ ನೇರವಾಯಿತು. "ಇನ್ನೊಂದ್ಸಲ ಆಂಟಿ!" ಎಂದು ಮಕ್ಕಳು ಕೂಗಿದವು. ಚಂದನಾ ಶಾಲೆ ಮುಟ್ಟುವ ತನಕ ಎರಡನೇ ಗೇರಿನಲ್ಲೇ ಇಳಿಸಿದಳು.

ಮಕ್ಕಳಲ್ಲೊಬ್ಬಳಾದ ದಿವ್ಯಶ್ರೀ ಮನೆಯಲ್ಲಿ ಹೇಳಿದ್ದಾಳೆ. ಸಂಜೆ ಅವಳಪ್ಪ ಪ್ರವೀಣ್ ಬಂದ.

"ಬೇಜಾರು ಮಾಡ್ಕೋಬೇಡ ತಂಗಿ. ಇನ್ಮೇಲೆ ಮಗಳನ್ನ ನಾನೇ ಬೈಕಲ್ಲಿ ಬಿಡ್ತೀನಿ."

"ಈ ಮಳೇಲಿ ಬೈಕಾ ಅಣ್ಣ?"

"ನೆಂದ್ರೆ ಒಣಗ್ತಾಳೆ ಕಣವ್ವ."

ಆ ಮಾತು ಚಂದನಾಳಿಗೆ ಎಲ್ಲಿ ತಾಗಬೇಕೋ ಅಲ್ಲೇ ತಾಗಿತು. ಮರುದಿನವೇ ಪೇಟೆಯ ಅಲೈನ್‌ಮೆಂಟ್ ಅಂಗಡಿಗೆ ಹೋದಳು. ಸ್ಟೇರಿಂಗ್ ಚೂರು ಎಡಕ್ಕೆ ನಿಲ್ಲುತ್ತಿತ್ತು. ಅಲ್ಲಿಯವನು ಮುಂದಿನ ಚಕ್ರಗಳನ್ನು ಹೊಂದಿಸಿ ಅದನ್ನು ನೇರ ಮಾಡಿಕೊಟ್ಟ.

"ಹಿಂದಿಂದು?" ಎಂದಳು.

"ಈ ಗಾಡೀಲಿ ಹಿಂದೆ ಅಡ್ಜಸ್ಟ್ ಮಾಡೋಕೆ ಏನೂ ಇರಲ್ಲ ಅಕ್ಕ. ಅದು ಯಾವಾಗ್ಲೂ ನೇರವೇ."

ಹಿಂದಕ್ಕೆ ಹೊಸ ಟೈರನ್ನೇ ಹಾಕಿಸಿದಳು. ಸ್ವಲ್ಪ ದಿನಕ್ಕೆ ಅದರ ಅಂಚೂ ನುಣ್ಣಗಾಗತೊಡಗಿತು. ಊಟ ಸೇರದಾಯಿತು ಅವಳಿಗೆ. ಒಂದೊಂದು ತಿರುವಿನಲ್ಲೂ, "ಕೇಳ್ತಾ ಅಜ್ಜಿ?" ಎಂದು ಕೇಳುವಳು. ಇಲ್ಲ ಎನ್ನಲು ನನಗೆ ಬಾಯಿ ಬರುತ್ತಿರಲಿಲ್ಲ.

ಒಂದು ಶನಿವಾರ ಮಧ್ಯಾಹ್ನ ಮಳೆ ಬಿಟ್ಟು ಬಿಸಿಲು ಬಂದಿತ್ತು. ಅವಳ ಅತ್ತೆ ಸುಮಿತ್ರಮ್ಮ ಕಾಫಿ ಹರವಲು ಕಣಕ್ಕೆ ಸಗಣಿ ಸಾರಿಸಿ, ಸೊಂಟ ನೆಟ್ಟಗೆ ಮಾಡಿಕೊಳ್ಳುತ್ತಿದ್ದರು. ಎಲ್ಲೋ ಮನಸ್ಸಿಟ್ಟಿದ್ದ ಚಂದನಾ ವ್ಯಾನನ್ನು ನೇರವಾಗಿ ಕಣದ ಮೇಲೆಯೇ ಹಾಯಿಸಿಬಿಟ್ಟಳು.

"ಕಣ್ಣು ಎಲ್ಲಿಟ್ಟಿದ್ಯೇ? ಗಾಡಿ ಹೋದ್ರೆ ಎರಡು ಗೆರೆ ಬೀಳಬೇಕು, ನಾಲ್ಕು ಎಳ್ದಿದೀಯಲ್ಲೇ ಮಹಾತಾಯಿ!"

ತಪ್ಪಾಯಿತು ಎನ್ನಲು ಇಳಿದವಳು ಅಲ್ಲೇ ಕುಕ್ಕರುಗಾಲಲ್ಲಿ ಕೂತಳು. ಮುಂದಿನ ಚಕ್ರದ ಗುರುತಿನ ಮೇಲೆಯೇ ಹಿಂದಿನದು ಬೀಳಬೇಕಿತ್ತು. ಎರಡೂ ಕಡೆ ಅದು ಎಡಕ್ಕೆ ಸರಿದಿತ್ತು.

"ಅತ್ತೆ, ಇದನ್ನ ಅಳಿಸ್ಬೇಡಿ," ಎಂದಳು. ಅವಳ ದನಿ ಕೇಳಿ ಸುಮಿತ್ರಮ್ಮ ಪೊರಕೆ ಕೆಳಗಿಟ್ಟರು.

ಕೂಡುರಸ್ತೆಯ ಕೈಕಂಬದ ಹತ್ತಿರ ಗ್ಯಾರೇಜ್ ಇಟ್ಟಿರುವ ಮಲ್ಲನನ್ನು ಕರೆಸಿದಳು. ಅವನು ಬಂದು ನೋಡಿ ನಕ್ಕ. "ಏನಕ್ಕ, ನೀನು ಓಡಿಸೋದು ಗಾಡಿಯೋ ಏಡಿಯೋ? ಅಡ್ಡಡ್ಡ ಹೋಗ್ತೈತಲ್ಲ!"

"ನಗಬೇಡ ಮಲ್ಲಣ್ಣ. ಮಕ್ಕಳು ಕೂರೋ ಗಾಡಿ."

ಅವನು ನಗು ನಿಲ್ಲಿಸಿ ಗಾಡಿಯ ಕೆಳಗೆ ನುಸುಳಿದ. ಹಿಂದಿನ ಎರಡೂ ಚಕ್ರಗಳನ್ನು ಸೇರಿಸುವ ಅಚ್ಚು, ಕಬ್ಬಿಣದ ಪಟ್ಟಿಗಳ ಕಟ್ಟಿನ ಮೇಲೆ ಕೂತಿರುತ್ತದಂತೆ. ಎಡಗಡೆ ಅದನ್ನು ಹಿಡಿದಿದ್ದ ಬೋಲ್ಟ್ ತುಂಡಾಗಿ, ಅಚ್ಚು ಆ ತುದಿಯಲ್ಲಿ ಹಿಂದಕ್ಕೆ ಜರುಗಿತ್ತು. ಬ್ರೇಕ್ ಹಿಡಿದಾಗಲೆಲ್ಲ ಅಲುಗಾಡಿ ಟೈರನ್ನು ರಸ್ತೆಗೆ ಉಜ್ಜುತ್ತಿತ್ತು.

"ಇದು ಭಾರಕ್ಕೆ ಮುರಿದಿರೋದು. ಹಸಿ ಕಾಫಿ ಚೀಲ ಹಾಕ್ತಿದ್ರಾ ಇದ್ರಲ್ಲಿ?" ಎಂದ.

ರಜೆಯ ದಿನ ಸೀಟು ಬಿಚ್ಚಿ ಮಂಜೇಶ್ ಚೀಲ ಸಾಗಿಸುತ್ತಿದ್ದ. ಬಲಗಡೆಯ ಬಾಗಿಲು ಸಲೀಸಾಗಿ ಸರಿಯುವುದಿಲ್ಲವೆಂದು ಎಲ್ಲವನ್ನೂ ಎಡಗಡೆಯೇ ಒಟ್ಟುತ್ತಿದ್ದ. ಈಗ ಅವನು ತೋಟದ ಕಡೆ ಮುಖ ತಿರುಗಿಸಿ ನಿಂತ.

"ಗಿಡ ಆಮೇಲೆ ನೋಡುವಿರಂತೆ," ಎಂದಳು ಚಂದನಾ. "ಬಂದು ಜಾಕ್ ಹಿಡೀರಿ."

ಮಲ್ಲ ಅಚ್ಚನ್ನು ಸನ್ನೆಗೋಲಿನಿಂದ ಒತ್ತಿ ಜಾಗಕ್ಕೆ ತಂದು, ಹೊಸ ಬೋಲ್ಟ್ ಹಾಕಿ ಬಿಗಿದ. ಮುಂದಿನ ಚಕ್ರದಿಂದ ಹಿಂದಿನದಕ್ಕೆ ಎರಡೂ ಕಡೆ ಹಗ್ಗ ಹಿಡಿದು ಅಳೆದ. ಇನ್ನೊಂದು ತುದಿ ಹಿಡಿದಿದ್ದ ಚಂದನಾ ಮತ್ತೆ ಮತ್ತೆ ಬಗ್ಗಿ ಗಾಡಿಯ ಕೆಳಗೆ ಇಣುಕುತ್ತಿದ್ದಳು. "ಹಿಂಗೆ ಅಲ್ಲಾಡಿಸಿದ್ರೆ ಆನೇನೂ ಅಳೆಯೋಕಾಗಲ್ಲ ಅಕ್ಕ," ಎಂದು ಬೈದ. ಎರಡೂ ಕಡೆ ಸಮ ಬಂದ ಮೇಲೆ ಪೇಟೆಯಲ್ಲಿ ಮುಂದಿನದನ್ನು ಇನ್ನೊಮ್ಮೆ ಹೊಂದಿಸಿಕೋ ಎಂದು ಹೇಳಿ ಹೋದ. ಅದನ್ನೂ ಮಾಡಿಸಿದಳು.

ಸುಮಿತ್ರಮ್ಮ ಯಾರೂ ಹೇಳದೆ ಕಣವನ್ನು ಮತ್ತೆ ಸಾರಿಸಿದರು. "ಬಾ, ಹತ್ತಿಸು. ನೋಡೇಬಿಡಾಣ," ಎಂದರು. ಎರಡೇ ಗೆರೆ ಬಿದ್ದವು. ಚಂದನಾಳ ಮುಖ ಮಾತ್ರ ಅರಳಲಿಲ್ಲ. "ಕಣ ಸಮ ಇರ್ತದೆ ಅಜ್ಜಿ. ತಿರುವು ಹಂಗಲ್ಲ," ಎಂದಳು ನನ್ನೊಡನೆ.

ಬುಧವಾರ ಬೆಳಿಗ್ಗೆ ಜೋರು ಮಳೆ. ಹಿಂದಿನ ಗಾಜಿನಲ್ಲಿ ಒಂದು ಬೈಕ್ ಕಂಡಿತು. ಪ್ರವೀಣ್, ಬೆನ್ನಿಗೆ ಅಂಟಿಕೊಂಡ ದಿವ್ಯಶ್ರೀ. ನಾವು ದಾರಿ ಬಿಟ್ಟರೂ ಮುಂದೆ ಹೋಗದೆ ನಮ್ಮ ಚಕ್ರಗಳನ್ನೇ ನೋಡುತ್ತ ಬರುತ್ತಿದ್ದ. ಸಂಪಿಗೆ ಮರ ಬಂತು. ನಾನು ಇಬ್ಬರು ಮಕ್ಕಳನ್ನು ತಬ್ಬಿ ಹಿಡಿದೆ. ಚಂದನಾ ನಿಧಾನವಾಗಿ ತಿರುಗಿಸಿದಳು. ಹಿಂಭಾಗ ಜಾರಲಿಲ್ಲ.

"ಕೇಳ್ತಾ ಅಜ್ಜಿ?"

"ಇಲ್ಲ ಕಣವ್ವ. ಮಳೆ ಸದ್ದು ಒಂದೇ."

ಶಾಲೆಯ ಬಾಗಿಲಲ್ಲಿ ದಿವ್ಯಶ್ರೀ ಜಡೆಯಿಂದ ನೀರು ಸೋರಿಸುತ್ತ ಇಳಿದಳು. ಪ್ರವೀಣ್ ಹೆಲ್ಮೆಟ್ ತೆಗೆದು ವ್ಯಾನಿನ ಹತ್ತಿರ ಬಂದ. "ತಂಗಿ, ಸಂಜೆ ಜಾಗ ಐತಾ?"

"ಅವಳ ಜಾಗದಲ್ಲಿ ಯಾರನ್ನೂ ಕೂರಿಸಿಲ್ಲ ಅಣ್ಣ."

ಅವನು ಹೋದ ಮೇಲೆ ಚಂದನಾ ಹಿಂದಕ್ಕೆ ಬಂದು ಬಗ್ಗಿ, ಒದ್ದೆ ಟೈರಿನ ಈ ಅಂಚಿನಿಂದ ಆ ಅಂಚಿನವರೆಗೆ ಅಂಗೈ ಆಡಿಸಿದಳು. ಮತ್ತೊಮ್ಮೆ ಆಡಿಸಿದಳು. ಸಂಜೆ ಅದೇ ದಾರಿ ಹತ್ತಬೇಕಿತ್ತು, ದಿವ್ಯಶ್ರೀಯನ್ನೂ ಕೂರಿಸಿಕೊಂಡು.