ಕರಿ ಹರಿದ ಟ್ರಾಕ್ಟರು

ಮಡಕಶಿರದ ಬೊಮ್ಮಣ್ಣನ ಕೈ ಹುಟ್ಟಿದಾಗಿನಿಂದ ಸುಮ್ಮನಿದ್ದದ್ದೇ ಇಲ್ಲ. ಅಪ್ಪ ದೊಡ್ಡತಿಮ್ಮಪ್ಪ ಊರಿಗೆಲ್ಲ ಬೇಕಾದ ದರ್ಜಿ. ಆತನ ಹೊಲಿಗೆ ಮಿಷನ್ನಿನ ಮೇಲೆ ಯಾರದೋ ಮದುವೆ ಅಂಗಿ ಅರ್ಧ ಹೊಲಿದು ಕೂತಿರುವಾಗಲೇ ಮಗರಾಯ ಕೆಳಗೆ ನುಸುಳಿ ಚಕ್ರ ಬಿಚ್ಚಿರುತ್ತಿದ್ದ. ಬಿಚ್ಚಿದ್ದನ್ನು ಮತ್ತೆ ಜೋಡಿಸುತ್ತಿದ್ದನೆನ್ನಿ. ಆದರೆ ಪ್ರತಿ ಸಲವೂ ಒಂದು ತಿರುಪು ಕೈಯಲ್ಲಿ ಉಳಿದುಬಿಡುತ್ತಿತ್ತು, ಮಿಷನ್ನು ಮಾತ್ರ ಮೊದಲಿಗಿಂತ ಜೋರಾಗಿ ಓಡುತ್ತಿತ್ತು. ಇದಕ್ಕೆ ಬೈಯಬೇಕೋ ಬೆನ್ನು ತಟ್ಟಬೇಕೋ ತಿಳಿಯದೆ ದೊಡ್ಡತಿಮ್ಮಪ್ಪ ಹೆಂಡತಿಯ ಮುಂದೆ ಹಣೆ ಚಚ್ಚಿಕೊಂಡ. "ಇವ್ನಿಗೆ ಬಟ್ಟೆ ಒಗ್ಗಲ್ಲ ಕಣೇ ಪುಟ್ಟಕ್ಕ. ಕಬ್ಣದ ಜೊತೇಲೇ ಬಾಳ್ವೆ ಮಾಡ್ಲಿ ಬಿಡು."

ಹಾಗೇ ಆಯಿತು. ಮೊದಲು ಹಿಂದೂಪುರದ ಕಡ್ಲೆಕಾಯಿ ಮಿಲ್ಲಿನಲ್ಲಿ ಆಯಿಲ್ ಇಂಜಿನ್ನಿನ ಸೇವೆ. ಆಮೇಲೆ, ಜರ್ಮನಿಯವರ ಯುದ್ಧ ಜೋರಾಗಿದ್ದ ಕಾಲದಲ್ಲಿ, ರಾಯದುರ್ಗದ ಈಶ್ವರಯ್ಯನವರಿಂದ ಕರೆ ಬಂತು. ಬಳ್ಳಾರಿಯಲ್ಲಿದ್ದ ಯಾವನೋ ಇಂಗ್ಲಿಷ್ ದೊರೆ ತನ್ನ ಸೀಮೆಗೆ ಹೊರಡುವಾಗ ಬಿಟ್ಟುಹೋಗಿದ್ದ ಪುಟ್ಟ ಟ್ರಾಕ್ಟರೊಂದನ್ನು ಈಶ್ವರಯ್ಯ ಕೊಂಡು ತಂದು ಅಂಗಳದಲ್ಲಿ ನಿಲ್ಲಿಸಿದ್ದರು. ಅದು ಏಳುವುದಿಲ್ಲ, ಎದ್ದರೆ ನಿಲ್ಲುವುದಿಲ್ಲ, ಹತ್ತಿರ ಹೋದವರ ಮುಖಕ್ಕೆ ಮಸಿ ಉಗುಳುತ್ತದೆ ಎಂದು ಸುದ್ದಿ. ಬೊಮ್ಮಣ್ಣ ಅದನ್ನು ಕಂಡ. ಕೆಂಪು ಬಣ್ಣ, ಹಲ್ಲು ಹಲ್ಲಿನ ಕಬ್ಬಿಣದ ಚಕ್ರ, ನೆಟ್ಟಗೆ ನಿಂತ ಹೊಗೆ ಕೊಳವೆ. ಸುತ್ತಲೂ ಮೂರು ಪ್ರದಕ್ಷಿಣೆ ಹಾಕಿದವನೇ ಒಬ್ಬನೇ ಕಿಲಕಿಲ ನಗತೊಡಗಿದ. ಹೆಣ್ಣು ನೋಡಲು ಹೋದವನೂ ಅಷ್ಟು ಖುಷಿಪಡುವುದಿಲ್ಲ. ಸಂಜೆಯೊಳಗೆ ಪ್ಲಗ್ಗು ಉಜ್ಜಿ, ಸೀಮೆಎಣ್ಣೆಯ ಕೊಳವೆ ಊದಿ, ಮುಂದಿನ ಹ್ಯಾಂಡಲ್ ತಿರುವಿ ಇಂಜಿನ್ ಎಬ್ಬಿಸಿದ. ಅಟ್ಟದ ಮೇಲಿದ್ದ ಪಾರಿವಾಳಗಳೆಲ್ಲ ಕೋಟೆ ಗುಡ್ಡದ ಕಡೆ ಹಾರಿಹೋದವು.

ಆ ಮನೆಯಲ್ಲಿ ಈಶ್ವರಯ್ಯನವರ ತಾಯಿ ಅನ್ನದಾನಮ್ಮ ಇದ್ದಳು. ಕಣ್ಣು ಸ್ವಲ್ಪ ಮಂಜು, ಬಾಯಿ ಮಾತ್ರ ಕತ್ತರಿ. ಆಕೆ ಟ್ರಾಕ್ಟರಿಗೆ ಕೆಂಚ ಎಂದು ಹೆಸರಿಟ್ಟು, ದಿನಾ ಬೆಳಿಗ್ಗೆ ಅದರ ಬೆನ್ನು ಸವರಿ, ಮೂತಿಗೆ ಕುಂಕುಮ ಹಚ್ಚುತ್ತಿದ್ದಳು. ಬೊಮ್ಮಣ್ಣನಿಗೆ ಇದು ದೊಡ್ಡ ತಮಾಷೆ.

"ಅಜ್ಜೀ, ಅದು ಎತ್ತಲ್ಲ ಕಣಜ್ಜಿ. ಮಿಷನ್ನು."

"ಹೊಲ ಉಳತೈತಿ, ನೀರು ಕುಡೀತೈತಿ, ದಣಿದ್ರ ಬುಸುಗುಡತೈತಿ. ಎತ್ತಲ್ಲಂದ್ರ ಮತ್ತೇನು, ನಿನ್ನ ಮಾವನಾ?"

ಆಕೆಯ ಮಾತಿನಲ್ಲಿ ಒಂದಂತೂ ನಿಜವಿತ್ತು. ಕೆಂಚ ನೀರು ಕುಡಿಯುತ್ತಿತ್ತು, ಅದೂ ಹದ್ದುಮೀರಿ ಕುಡಿಯುತ್ತಿತ್ತು. ಇಂಜಿನ್ ಕಾಯದಂತೆ ತಣ್ಣಗಿಡಲು ಮುಂದುಗಡೆ ಒಂದು ನೀರಿನ ಪೆಟ್ಟಿಗೆ ಇರುತ್ತದಲ್ಲ, ರೇಡಿಯೇಟರ್ ಎನ್ನುತ್ತಾರಲ್ಲ, ಅದರ ಒಳಗಿನ ಸಣ್ಣ ಸಣ್ಣ ನಾಳಗಳಲ್ಲಿ ಎಲ್ಲೋ ಬಿರುಕು. ಹಾಕಿದ ನೀರೆಲ್ಲ ತೊಟ್ಟಿಕ್ಕಿ ಹೋಗಿ, ಎರಡು ಸಾಲು ಉಳುವಷ್ಟರಲ್ಲಿ ಇಂಜಿನ್ ಕಾದು ಕುದಿದು ನಿಂತುಬಿಡುತ್ತಿತ್ತು. ಬೆಸುಗೆ ಹಾಕೋಣವೆಂದರೆ ಯುದ್ಧದ ಕಾಲ, ತವರ ಬಳ್ಳಾರಿಯಲ್ಲೂ ಇಲ್ಲ. ಇದ್ದಿದ್ದರೂ ಬಿರುಕು ಒಳಗೆಲ್ಲೋ ಇದ್ದುದರಿಂದ ಕಾದ ಸಲಾಕೆ ಅಲ್ಲಿಗೆ ಮುಟ್ಟುತ್ತಿರಲಿಲ್ಲ.

ಬೊಮ್ಮಣ್ಣ ಮಾಡದ ವೈದ್ಯವಿಲ್ಲ. ಅರಗು ಕರಗಿಸಿ ಮೆತ್ತಿದ, ಬಿಸಿಗೆ ಅದು ಇಳಿದು ಚಕ್ರಕ್ಕೆ ಅಂಟಿತು. ಹುಣಸೆಬೀಜದ ಅಂಟು ಕಾಸಿ ಬಳಿದ, ಇರುವೆಗಳು ಸಾಲುಗಟ್ಟಿದವು. ಒಂದು ದಿನ ಹಟ ಹಿಡಿದು ರಾಗಿಹಿಟ್ಟು ಕಲಸಿ ಒಳಗೆ ಸುರಿದ. ಅರ್ಧ ಸಾಲಿಗೆ ಮುಚ್ಚಳ ಹಾರಿ, ಹದವಾಗಿ ಬೆಂದ ಅಂಬಲಿ ಅವನ ತಲೆಯ ಮೇಲೆ ಬಿತ್ತು. ಎತ್ತು ಹೂಡುವ ಆಳು ಉಚ್ಚಂಗೆಪ್ಪ ಬದುವಿನ ಮೇಲೆ ಉರುಳಾಡಿ ನಕ್ಕ. "ಉಪ್ಪು ಹಾಕಿದ್ದೀಯೇನೋ ಬೊಮ್ಮಾ?" ಬೊಮ್ಮಣ್ಣನೂ ಮೀಸೆ ನೆಕ್ಕಿಕೊಂಡು ನಕ್ಕ.

ಆದರೆ ಈಶ್ವರಯ್ಯ ನಗಲಿಲ್ಲ. ಬಿತ್ತನೆ ಹತ್ತಿರ ಬಂದಿತ್ತು. ಕಲ್ಯಾಣದುರ್ಗದ ಹಳೆ ಕಬ್ಬಿಣದ ವ್ಯಾಪಾರಿ ಪೆದ್ದಣ್ಣನಿಗೆ ಅವರು ಆಗಲೇ ಮಾತು ಕೊಟ್ಟಾಗಿತ್ತು.

"ನೋಡು ಬೊಮ್ಮಣ್ಣ," ಎಂದರು. "ಕಾರಹುಣ್ಣಿವಿ ದಿನ ಪೆದ್ದಣ್ಣ ಬರ್ತಾನ. ಅವತ್ತು ಎತ್ತಿನ ಮೆರವಣಿಗಿ ಹಿಂದ ಇದನ್ನೂ ಹೊಡ್ಕೊಂಡು ಬಾ. ನಡುವ ಎಲ್ಲೂ ನಿಲ್ಲದಂಗ ಅಗಸಿ ಮುಟ್ಟಿ ಮನಿಗೆ ಬಂತೋ, ಇರ್ಲಿ. ನಿಂತ್ರ ಪೆದ್ದಣ್ಣ ಒಡದು ಕಬ್ಬಿಣಕ್ಕ ಹಾಕ್ಕೊಂತಾನ. ನೀನೂ ನಿಮ್ಮೂರಿಗೆ ಹೊಂಡು."

ತನ್ನ ಕೆಲಸ ಹೋಗುವುದು ಬೊಮ್ಮಣ್ಣನಿಗೆ ಆಮೇಲೆ ಹೊಳೆಯಿತು. ಮೊದಲು ಕಣ್ಣಿಗೆ ಬಂದದ್ದು ಸುತ್ತಿಗೆ. ಕೆಂಚನನ್ನು ಒಡೆಯುವುದೇ? ಆ ಹೊಗೆ ಕೊಳವೆ, ಆ ಹ್ಯಾಂಡಲ್ಲು, ದಿನಾ ಒರೆಸಿ ಒರೆಸಿ ಹೊಳೆಯುವ ಆ ಹಿತ್ತಾಳೆ ಬಿರಡೆ? ಅವನಿಗೆ ಅಳು ಬಂತು.

ಕಾರಹುಣ್ಣಿಮೆ ಬಂತು. ಎತ್ತುಗಳ ಹಬ್ಬವೆಂದರೆ ರಾಯದುರ್ಗದ ಸೀಮೆಯಲ್ಲಿ ಅದೇನು ಸಂಭ್ರಮವೆನ್ನುತ್ತೀರಿ! ಎತ್ತುಗಳ ಮೈತೊಳೆದು, ಕೋಡಿಗೆ ಬಣ್ಣ ಬಳಿದು, ಕೊರಳಿಗೆ ಗೆಜ್ಜೆ ಕಟ್ಟಿ, ಸಂಜೆ ಓಡಿಸುತ್ತಾರೆ. ಊರ ಅಗಸೆಗೆ, ಅಂದರೆ ಊರಬಾಗಿಲಿಗೆ, ಅಡ್ಡಲಾಗಿ ಬೇವಿನ ಸೊಪ್ಪು ಸುತ್ತಿದ ಹಗ್ಗ ಕಟ್ಟಿರುತ್ತದೆ. ಅದೇ ಕರಿ. ಅದನ್ನು ಮೊದಲು ಹರಿದ ಎತ್ತು ಬಿಳಿಯದಾದರೆ ಆ ವರ್ಷ ಜೋಳ, ಹತ್ತಿಯಂಥ ಬಿಳಿ ಬೆಳೆ ಚೆನ್ನ, ಕೆಂಪಾದರೆ ಶೇಂಗಾ, ರಾಗಿಯಂಥ ಕೆಂಪು ಬೆಳೆ ಚೆನ್ನ. ಎರ್ರಿಸ್ವಾಮಿಯ ಬಿಳಿ ಜೋಡಿ ಈಚೆಗೆ ಪ್ರತಿ ವರ್ಷ ಗೆದ್ದು ಗೆದ್ದು, ಆತ ನಡೆಯುವಾಗಲೂ ಎದೆ ಮುಂದೆ ಮಾಡಿಯೇ ನಡೆಯುತ್ತಿದ್ದ.

ಮಧ್ಯಾಹ್ನ ಬೊಮ್ಮಣ್ಣ ಡಿಪೋದಲ್ಲಿ ಸೀಮೆಎಣ್ಣೆಗೆ ಕಾದು, ಡಬ್ಬಿ ಹೊತ್ತು ಅಂಗಳಕ್ಕೆ ಬಂದು ನೋಡುತ್ತಾನೆ! ಕೆಂಚನ ಹೊಗೆ ಕೊಳವೆಗೆ ಹಸಿರು ಬಣ್ಣ, ತುದಿಗೆ ಗೊಂಡೆ. ಮೂತಿಗೆ ಗೆಜ್ಜೆಸರ. ಅದೂ ಇರಲಿ. ನೀರಿನ ಪೆಟ್ಟಿಗೆಯ ಮುಚ್ಚಳ ತೆಗೆದಿದೆ, ಉಚ್ಚಂಗೆಪ್ಪ ಬಿದಿರಿನ ಗೊಟ್ಟ ಎತ್ತಿ ಪೆಟ್ಟಿಗೆಯೊಳಗೆ ಗಳಗಳ ಏನೋ ಸುರಿಯುತ್ತಿದ್ದಾನೆ, ಕಟ್ಟೆಯ ಮೇಲೆ ಕೂತ ಅನ್ನದಾನಮ್ಮ "ಇನ್ನೊಂದು ಹಾಕು, ಇನ್ನೊಂದು ಹಾಕು" ಎನ್ನುತ್ತಿದ್ದಾಳೆ.

ಹಬ್ಬದ ದಿನ ಎತ್ತಿನ ಮೈಗೆ ಕಸುವು ಬರಲೆಂದು ಎಣ್ಣೆ, ಅರಿಶಿನ, ಕೋಳಿಮೊಟ್ಟೆ ಕಲಸಿ ಗೊಟ್ಟದಲ್ಲಿ ಬಾಯಿಗೆ ಹೊಯ್ಯುವುದು ಅಲ್ಲಿಯ ಪದ್ಧತಿ. ಮೊಟ್ಟೆ ಮುಟ್ಟದ ಮನೆಯವರೂ ಎತ್ತಿಗೆ ಅಡ್ಡಿ ಹೇಳುತ್ತಿರಲಿಲ್ಲ. ಉಚ್ಚಂಗೆಪ್ಪ ತನ್ನ ಮನೆಯಿಂದ ಬಟ್ಟೆ ಮುಚ್ಚಿದ ಬುಟ್ಟಿಯಲ್ಲಿ ತರುತ್ತಿದ್ದ.

"ಅಜ್ಜೀ! ಏನ್ ಮಾಡ್ಬುಟ್ರಿ!" ಬೊಮ್ಮಣ್ಣ ಡಬ್ಬಿ ಬಿಸಾಕಿ ಓಡಿದ.

"ಯಾಕ ಒದರತಿ? ಕೊಟ್ಟಿಗ್ಯಾಗಿನ ಎತ್ತಿಗೆಲ್ಲ ಕೊಟ್ಟು ಇದೊಂದನ್ನ ಬಿಡಬೇಕೇನು? ಅದಕ್ಕೂ ಜೀವ ಅನ್ನೂದು ಇರತೈತಿ. ನೀ ದಿನಾ ನೀರು ಕುಡಿಸೂದು ಈ ಬಾಯಾಗ ಅಲ್ಲೇನು?"

ಬೊಮ್ಮಣ್ಣ ಬಗ್ಗಿ ನೋಡಿದ. ಒಳಗೆಲ್ಲ ಹಳದಿ ನೊರೆ. ಬಿಚ್ಚಿ ತೊಳೆಯೋಣವೆಂದರೆ ಹೊರಗೆ ಹಲಗೆ ಬಡಿಯುತ್ತಿದೆ, ಎತ್ತುಗಳು ಹೊರಟಿವೆ, ಪೆದ್ದಣ್ಣ ಆಗಲೇ ಬಂದು ಕಟ್ಟೆಯ ತುದಿಯಲ್ಲಿ ಕೂತು ಕೆಂಚನನ್ನು ಕಣ್ಣಲ್ಲೇ ತೂಗುತ್ತಿದ್ದಾನೆ. ಬೊಮ್ಮಣ್ಣ ಮುಚ್ಚಳ ತಿರುವಿ, ಕಣ್ಣು ಮುಚ್ಚಿ, ಹ್ಯಾಂಡಲ್ಲಿಗೆ ಕೈ ಹಾಕಿದ. ಹೇಗೂ ಸಾಯುವುದಾದರೆ ಮೆರೆದೇ ಸಾಯಲಿ ಎಂದುಕೊಂಡ.

ಕೆಂಚ ಎದ್ದಿತು. ಮೊದಲು ಕೆಳಗೆ ಅರಿಶಿನದ ನೀರು ತೊಟತೊಟ ಸೋರಿತು. ಅಂಗಳ ದಾಟುವಾಗ ತೊಟ್ಟು ತೊಟ್ಟಾಯಿತು. ಬೀದಿ ತಿರುವಿನಲ್ಲಿ ಬೊಮ್ಮಣ್ಣ ಬಗ್ಗಿ ನೋಡಿದರೆ ತೊಟ್ಟೂ ಇಲ್ಲ! ಇಂಜಿನ್ನಿನ ಬಿಸಿಗೆ ಮೊಟ್ಟೆ ಬೆಂದು, ಬೆಂದದ್ದು ಹೋಗಿ ಹೋಗಿ ಬಿರುಕಿನಲ್ಲೇ ಕೂತು, ಗಟ್ಟಿಯಾಗಿಬಿಟ್ಟಿತ್ತು. ತವರ ಮುಟ್ಟದ ಜಾಗಕ್ಕೆ ಉಚ್ಚಂಗೆಪ್ಪನ ಕೋಳಿ ಮುಟ್ಟಿತ್ತು. ಬೊಮ್ಮಣ್ಣನಿಗೆ ಇದು ಹೊಳೆದದ್ದೇ ತಡ, ಸೀಟಿನ ಮೇಲೆ ಎದ್ದು ನಿಂತು "ಹೋ!" ಎಂದು ಕೂಗಿದ. ಆ ಖುಷಿಯಲ್ಲಿ ಇಂಜಿನ್ನಿಗೆ ಎಣ್ಣೆ ಬಿಡುವ ಕಡ್ಡಿಯನ್ನು ಪೂರಾ ಎಳೆದ.

ಢಂ!

ಕೊಳವೆಯಿಂದ ಬೆಂಕಿ ಸಮೇತ ಹೊಗೆ ಹಾರಿತು. ಮುಂದಿದ್ದ ಎತ್ತುಗಳು ಕರಿಯ ಆಸೆಯನ್ನೇ ಬಿಟ್ಟವು. ಒಂದು ಜೋಡಿ ಹೊಲಕ್ಕೆ, ಒಂದು ಜೋಡಿ ಕುಂಬಾರರ ಹಿತ್ತಲಿಗೆ, ಎರ್ರಿಸ್ವಾಮಿಯ ಬಿಳಿ ಜೋಡಿ ನೇರ ಅವನ ಅತ್ತೆಯ ಮನೆಯ ಪಡಸಾಲೆಗೆ. ಬೀದಿ ಖಾಲಿ. ಆ ಖಾಲಿ ಬೀದಿಯಲ್ಲಿ, ಯಾವ ಅವಸರವೂ ಇಲ್ಲದೆ, ಮುದುಕ ಸಂತೆಗೆ ಹೊರಟ ಹಾಗೆ ಕೆಂಚ ನಡೆಯಿತು. ಅದರ ಕಬ್ಬಿಣದ ಚಕ್ರಕ್ಕೆ ಓಡಿ ಗೊತ್ತೇ ಇರಲಿಲ್ಲ. ನಿಲ್ಲಿಸಿದರೆ ಮತ್ತೆ ಏಳುತ್ತದೋ ಇಲ್ಲವೋ ಎಂಬ ಹೆದರಿಕೆಗೆ ಬೊಮ್ಮಣ್ಣನೂ ನಿಲ್ಲಿಸಲಿಲ್ಲ. ಅಗಸೆ ಬಂತು. ಗೊಂಡೆ ಕಟ್ಟಿದ ಹೊಗೆ ಕೊಳವೆ ಬೇವಿನ ಹಗ್ಗಕ್ಕೆ ತಾಗಿತು, ಹಗ್ಗ ಬಿಗಿಯಿತು, ಪಟ್ಟೆಂದು ಹರಿಯಿತು.

ಊರಿನವರ ಕೇಕೆಗೆ ಹಲಗೆಯ ಸದ್ದೂ ಕೇಳಲಿಲ್ಲ.

ಎರ್ರಿಸ್ವಾಮಿ ರುಮಾಲು ಕೈಯಲ್ಲಿ ಹಿಡಿದು ಈಶ್ವರಯ್ಯನವರ ಅಂಗಳಕ್ಕೇ ಬಂದ. "ಇದೇನು ನ್ಯಾಯರೀ ಧಣೇರ? ಅದು ಎತ್ತಲ್ಲ!"

"ಗೊಟ್ಟ ಕುಡದೈತಿ, ಗೆಜ್ಜಿ ಕಟ್ಟೇತಿ, ಕರಿ ಹರದೈತಿ," ಎಂದಳು ಕಟ್ಟೆಯ ಮೇಲಿಂದ ಅನ್ನದಾನಮ್ಮ. "ನಿನ್ನವು ಎಲ್ಲದಾವಪ್ಪಾ ಎತ್ತು? ಅತ್ತಿ ಮನ್ಯಾಗ ಉಣ್ಣಾಕ ಕುಂತಾವೇನು?"

ನಗುವಿನಲ್ಲಿ ಎರ್ರಿಸ್ವಾಮಿಯ ಸಿಟ್ಟೂ ಕರಗಿತು. ಗೆದ್ದದ್ದು ಕೆಂಪು, ಆದ್ದರಿಂದ ಈ ವರ್ಷ ಶೇಂಗಾ ಚೆನ್ನ ಎಂದು ಹಿರಿಯರು ಅಲ್ಲೇ ತೀರ್ಮಾನ ಹೇಳಿದರು. ನಿಲ್ಲದೆ ಹೋಗಿ ನಿಲ್ಲದೆ ಬಂದಿದ್ದ ಕೆಂಚ ಅಂಗಳದಲ್ಲಿ ಹಾಯಾಗಿ ಗುಡುಗುಟ್ಟುತ್ತಿತ್ತು. ಬೊಮ್ಮಣ್ಣ ಅದರ ಮೂತಿ ತಬ್ಬಿಕೊಂಡು, ಕೈ ಸುಟ್ಟುಕೊಂಡು, ಮತ್ತೆ ತಬ್ಬಿಕೊಂಡ.

ಆಗ ಪೆದ್ದಣ್ಣ ಎದ್ದ. ಅವನ ಕಣ್ಣಿನ ಲೆಕ್ಕ ಬದಲಾಗಿತ್ತು.

"ಈಶ್ವರಯ್ಯಗಾರೂ, ಒಡೆಯೋ ಮಾತು ಬಿಡ್ರಿ. ಇಂಥಾ ಬಂಡಿ ಒಡೀತಾರೇನ್ರಿ? ನಾನೇ ಇಟ್ಕೊಂಡು ಬಾಡಿಗೆಗೆ ಹೊಡಿತೀನಿ. ಎರಡು ಜೋಡಿ ಹೋರಿ ಕೊಡ್ತೀನಿ, ನೀವು ಆರಿಸಿದ್ದು." ಬೊಮ್ಮಣ್ಣನ ಕಡೆ ತಿರುಗಿದ. "ನಿಜ ಚೆಪ್ಪಪ್ಪಾ, ನಿಜ ಹೇಳು. ಇನ್ನೂ ಸೋರ್ತದಾ?"

ಈಶ್ವರಯ್ಯ ಮೀಸೆ ನೀವಿಕೊಂಡರು. ಎರಡು ಜೋಡಿ ಹೋರಿ! ಬೊಮ್ಮಣ್ಣನಿಗೆ ಕೊಟ್ಟ ಮಾತು ಮರೆತಂತೆಯೇ ಕಂಡಿತು.

ಬೊಮ್ಮಣ್ಣನ ನಗು ಮುಖದಲ್ಲೇ ನಿಂತುಹೋಯಿತು. ಸೋರುತ್ತದೆ ಎಂದುಬಿಟ್ಟರೆ ಸಾಕು, ಪೆದ್ದಣ್ಣ ಎದ್ದು ಹೋಗುತ್ತಾನೆ. ಒಂದೇ ಒಂದು ಸುಳ್ಳು. ಬಾಯಿ ತೆರೆದ. ಕೆಂಚ ಎದುರಿಗೇ ಗುಡುಗುಟ್ಟುತ್ತಿತ್ತು, ಕೆಳಗಿನ ನೆಲ ಒಣಗಿತ್ತು. ಇಷ್ಟು ಚೆಂದ ನಡೆದು ಬಂದದ್ದರ ಮುಂದೆ ನಿಂತು ಅದರ ಮೇಲೆ ಸುಳ್ಳು ಹೇಗೆ ಹೇಳುವುದು?

"ಇಲ್ಲ ಕಣಣ್ಣ," ಎಂದ ಬೊಮ್ಮಣ್ಣ. "ಒಂದ್ ತೊಟ್ಟೂ ಸೋರಲ್ಲ." ಹೇಳಿ ತಲೆ ತಗ್ಗಿಸಿದ. ಕಣ್ಣೀರು ಮಸಿಯ ಕೆನ್ನೆಯ ಮೇಲೆ ಎರಡು ಬಿಳಿ ಗೆರೆ ಎಳೆಯಿತು.

ಅನ್ನದಾನಮ್ಮ ಕೋಲು ಊರಿಕೊಂಡು ಕಟ್ಟೆ ಇಳಿದಳು. ಮಂಜುಗಣ್ಣಿಗೆ ಆ ಗೆರೆ ಕಂಡಿತೋ ಇಲ್ಲವೋ, ದನಿ ಮಾತ್ರ ಕೇಳಿಸಿತ್ತು.

"ಈಶಾ, ನಿಮ್ಮಪ್ಪ ಇದ್ದಾಗಿಂದ ಈ ಮನ್ಯಾಗ ಕರಿ ಹರದ ಎತ್ತು ಮಾರಿಲ್ಲ. ಹೌದೋ ಅಲ್ಲೋ?"

ಊರಿಗೆಲ್ಲ ಧಣಿಯಾದ ಈಶ್ವರಯ್ಯ ತಾಯಿಯ ಕೋಲಿನ ಮುಂದೆ ಚಿಕ್ಕ ಹುಡುಗನಾದರು. "ಹೌದವ್ವಾ."

"ಹಂಗಾದ್ರ ಪೆದ್ದಣ್ಣಗ ಹೋಳಿಗಿ ನೀಡಿ ಕಳಸು. ಕೆಂಚ ಎಲ್ಲೀಗೂ ಹೋಗಂಗಿಲ್ಲ." ಆಕೆ ಕೈ ಚಾಚಿ ಬೊಮ್ಮಣ್ಣನ ರಟ್ಟೆ ಹುಡುಕಿ ಹಿಡಿದಳು. "ಇವನೂ ಹೋಗಂಗಿಲ್ಲ. ಲಾಭ ಬರೂ ಸುಳ್ಳು ನಾಲಿಗಿ ಮ್ಯಾಲೆ ಇದ್ರೂ ಹೇಳಲಾರದವ ಇವ. ಇಂಥಾವ ಹುಡಿಕ್ಯಂಡ್ರ ಸಿಗತಾನೇನು?"

ಬೊಮ್ಮಣ್ಣ ನಗಲು ಹೋಗಿ ಬಿಕ್ಕಿದ, ಬಿಕ್ಕಲು ಹೋಗಿ ನಕ್ಕ. ಅಜ್ಜಿ ಅವನನ್ನು ರಟ್ಟೆ ಹಿಡಿದೇ ಒಳಗೆ ನಡೆಸಿಕೊಂಡು ಹೋಗಿ, ಮನೆಯವರ ಪಂಕ್ತಿಯಲ್ಲಿ, ಮಗನ ಪಕ್ಕದ ಮಣೆಯ ಮೇಲೆ ಕೂಡಿಸಿದಳು.